‘ರೋಗನಿರೋಧಕ’ ಗುಲಾಬಿ: ಎಲ್ಲಿ? ಯಾವ ರೋಗಕ್ಕೆ?

ಸಸಿ ಮಾರುವವರ ಪಟ್ಟಿಯಲ್ಲಿ ‘ರೋಗನಿರೋಧಕ’ ಎಂಬ ಮಾತು ಬಿರುದಿನಂತೆ ಮೆರೆಯುತ್ತದೆ. ಯಾವ ರೋಗಕ್ಕೆ, ಯಾವ ಊರಿನಲ್ಲಿ ಎಂದು ವಿಚಾರಿಸದೆ ಆ ಬಿರುದನ್ನು ಒಪ್ಪುವುದು ವಿಜ್ಞಾನಕ್ಕೆ ಸಲ್ಲದು.

‘ಕೇರ್‌ಫ್ರೀ ಬ್ಯೂಟಿ’ ಎಂಬ ನಸುಗೆಂಪು ಪೊದೆಗುಲಾಬಿಯನ್ನೇ ನೋಡಿರಿ. ಅಮೆರಿಕದ ಅಯೋವ ರಾಜ್ಯದಲ್ಲಿ ಗ್ರಿಫಿತ್ ಬಕ್ ಎಂಬ ವಿಜ್ಞಾನಿ ಸೃಷ್ಟಿಸಿದ ಈ ತಳಿ 1977ರಲ್ಲಿ ಬಳಕೆಗೆ ಬಂದಿತು. ಅವರ ಕ್ರಮ ಕಠಿನವಾದುದು: ಸಸಿಗಳಿಗೆ ಔಷಧಿಯ ಸಿಂಪಡಣೆಯಿಲ್ಲ, ಹಿಮಗಾಲದಲ್ಲಿ ಹೊದಿಕೆಯಿಲ್ಲ; ತಾಳಿದವುಗಳಲ್ಲಿ ಮಾತ್ರ ಆಯ್ಕೆ. ಹೀಗೆ ಆಯ್ದ ಗಿಡ ಕಪ್ಪುಚುಕ್ಕೆ ರೋಗವನ್ನು ಚೆನ್ನಾಗಿ ತಡೆಯುತ್ತದೆ.

ಆದರೆ ಕಪ್ಪುಚುಕ್ಕೆಯ ಶಿಲೀಂಧ್ರ ಎಲೆಯೊಳಗೆ ಇಳಿಯಬೇಕಾದರೆ ಎಲೆ ಹಲವು ಗಂಟೆಗಳ ಕಾಲ ಒದ್ದೆಯಾಗಿರಬೇಕು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಲ್ಲಿ ವರ್ಷದ ಮಳೆ ಸುಮಾರು 600 ಮಿಲಿಮೀಟರ್. ಮಳೆಗಾಲ ಕಳೆದರೆ ಎಲೆಗೆ ತೇವವೇ ಅಪರೂಪ. ಇಲ್ಲಿಯ ವೈರಿಗಳು ಬೇರೆ. ಬೂದಿರೋಗಕ್ಕೆ ಎಲೆಯ ಮೇಲೆ ನೀರು ಬೇಕಿಲ್ಲ. ಒಣ ಹಗಲು, ತಂಪು ಇರುಳು ಅದಕ್ಕೆ ಹಿತ. ಬೇಸಗೆಯಲ್ಲಿ ನುಸಿಯ ಕಾಟ. ಸುಣ್ಣದ ಅಂಶವುಳ್ಳ ಎರೆಭೂಮಿಯಲ್ಲಿ ಬೇರಿಗೆ ಕಬ್ಬಿಣ ದೊರಕದೆ ಎಳೆಯ ಎಲೆಗಳು ಹಳದಿಯಾಗುತ್ತವೆ. ಇದು ರೋಗವೇ ಅಲ್ಲವಾದುದರಿಂದ ರೋಗನಿರೋಧ ಇದಕ್ಕೆ ಉತ್ತರವಾಗದು. ಮೇಲಾಗಿ ಕಪ್ಪುಚುಕ್ಕೆಯ ಶಿಲೀಂಧ್ರದಲ್ಲಿಯೂ ಹಲವು ಬಗೆಗಳುಂಟು. ಒಂದನ್ನು ಗೆದ್ದ ಗಿಡ ಇನ್ನೊಂದಕ್ಕೆ ಸೋಲಬಹುದು.

ಹಾಗಾದರೆ ಹೊಸ ತಳಿ ಬೇಡವೇ? ಬೇಕು, ಆದರೆ ಪರೀಕ್ಷೆಗೆ ಒಳಪಟ್ಟು ಬರಲಿ. ಹೋಲಿಕೆಗೆ ನಮ್ಮಲ್ಲಿಯೇ ಎಡ್ವರ್ಡ್ ಗುಲಾಬಿಯಿದೆ. ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದ ಮೂಲದ ಈ ನಸುಗೆಂಪು ಗುಲಾಬಿ ಭಾರತದ ಬಯಲುನಾಡಿನ ಬಿಸಿಲಿಗೆ ಹೊಂದಿಕೊಂಡಿದೆ; ಇತರ ತಳಿಗಳನ್ನು ಕಸಿ ಮಾಡಲು ಇದರ ಬುಡವನ್ನೇ ಬಳಸುವುದುಂಟು. ಈ ನಾಲ್ಕು ತಾಲ್ಲೂಕುಗಳ ಶಾಲೆಗಳಲ್ಲಿ ಎರಡು ತಳಿಗಳನ್ನೂ ಐದೈದರಂತೆ ಅಕ್ಕಪಕ್ಕದಲ್ಲಿ ನೆಡಬಹುದು. ಮಣ್ಣು, ಗೊಬ್ಬರ, ನೀರು ಸಮನಾಗಿರಲಿ, ನೀರನ್ನು ಬುಡಕ್ಕೇ ಹಾಕಬೇಕು, ಸಿಂಪಡಣೆ ಕೂಡದು. ವಾರಕ್ಕೊಮ್ಮೆ ರೋಗ ತಗುಲಿದ ಎಲೆಗಳನ್ನು ಎಣಿಸಿ ಬರೆದಿಡಿರಿ. ಮೂರು ಕಾಲಗಳನ್ನೂ ಕಂಡ ಆ ಲೆಕ್ಕವನ್ನು ವಿಜಯಪುರದ ಕೃಷಿ ಮಹಾವಿದ್ಯಾಲಯದವರ ಮುಂದಿಡಬಹುದು.

ಹೂದೋಟದ ವಿಷಯಕ್ಕೆ ಇಷ್ಟು ಶ್ರಮವೇಕೆಂದು ಕೆಲವರು ಕೇಳಬಹುದು. ಗುಲಾಬಿಯನ್ನು ನಾವು ಮುಡಿಯುತ್ತೇವೆ, ಮಕ್ಕಳು ಮೂಸುತ್ತಾರೆ, ಎಸಳುಗಳು ಗುಲ್ಕಂದವಾಗಿ ಹೊಟ್ಟೆಗೂ ಸೇರುತ್ತವೆ. ಅದಕ್ಕೆ ವಿಷ ಸಿಂಪಡಿಸಬೇಕಾಗಿ ಬಾರದಂತೆ ತಳಿಯನ್ನು ಆಯ್ದುಕೊಳ್ಳುವುದು ಚಿಕ್ಕ ಸಂಗತಿಯಲ್ಲ. ಆ ಆಯ್ಕೆಯ ಅಧಿಕಾರ ದೂರದ ಪಟ್ಟಿಗಿಂತ ನಮ್ಮ ನೆಲಕ್ಕೇ ಹೆಚ್ಚು ಸಲ್ಲುತ್ತದೆ.