ಕುಮಾರರಾಮನ ಕೋಟೆಗೆ ಬಂದ ಅತಿಥಿ

ಕುಮಾರರಾಮನ ಹೆಸರು ಬಂದರೆ ಸಾಕು, ನಮ್ಮ ಸಂಡೂರು, ಕಂಪ್ಲಿ ಸೀಮೆಯಲ್ಲಿ ಈಗೀಗ ಒಂದೇ ರಾಗ: ಧರ್ಮ ಉಳಿಸಲು ಮುಸಲ್ಮಾನರೊಡನೆ ಕಾದಿ ಸತ್ತ ವೀರ. ವೇದಿಕೆಯ ಮೇಲೂ ಅದೇ, ವಾಟ್ಸಾಪಿನಲ್ಲೂ ಅದೇ. ಆತ ವೀರನೆಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಯಾತಕ್ಕಾಗಿ ಸತ್ತ ಎಂಬುದರ ಬಗ್ಗೆ ತಕರಾರಿದೆ.

ಕಂಪಿಲಿ ರಾಜ್ಯಕ್ಕೆ ಎರಡು ಗಟ್ಟಿ ನೆಲೆಗಳಿದ್ದವು. ಒಂದು, ಗಂಗಾವತಿ ಕಡೆಯ ಕುಮ್ಮಟದುರ್ಗ. ಇನ್ನೊಂದು ಹೊಸಮಲೆದುರ್ಗ, ಅದನ್ನು ನಮ್ಮ ಸಂಡೂರಿನ ಬೆಟ್ಟಸಾಲಿನಲ್ಲೇ ಗುರುತಿಸಿದ ವಿದ್ವಾಂಸರಿದ್ದಾರೆ. ಮುಮ್ಮಡಿ ಸಿಂಗೆಯ ನಾಯಕ, ಮಗ ಕಂಪಿಲರಾಯ, ಮೊಮ್ಮಗ ರಾಮ. 1327ರ ಹೊತ್ತಿಗೆ ಎಲ್ಲ ಮುಗಿಯಿತು. ಮುಗಿಸಿದ್ದು ದಿಲ್ಲಿಯ ಮಹಮ್ಮದ್ ಬಿನ್ ತುಘಲಕನ ಸೇನೆ. ಇಷ್ಟನ್ನು ಭಾಷಣಕಾರರು ಸರಿಯಾಗಿಯೇ ಹೇಳುತ್ತಾರೆ. ಆ ಸೇನೆ ಯಾಕೆ ಬಂತೆಂದು ಮಾತ್ರ ಹೇಳುವುದಿಲ್ಲ. (ದುರ್ಗದ ಹೆಸರಲ್ಲಿ ಗಂಟಲು ಹರಿದುಕೊಳ್ಳುವ ಇವರು, ಇದೇ ಬೆಟ್ಟಗಳನ್ನು ಅದಿರಿಗಾಗಿ ಬಗೆಯುವಾಗ ಎಲ್ಲಿರುತ್ತಾರೋ, ಅದು ಬೇರೆ ಮಾತು.)

ಅದು ಬಂದದ್ದು ಬಹಾಉದ್ದೀನ್ ಗುರ್ಷಾಸ್ಪ್ ಎಂಬ ಒಬ್ಬ ಮುಸಲ್ಮಾನನನ್ನು ಹುಡುಕಿಕೊಂಡು. ಆತ ಸುಲ್ತಾನನ ಸೋದರತ್ತೆಯ ಮಗ, ಈಗಿನ ಯಾದಗಿರಿ ಜಿಲ್ಲೆಯ ಸಗರದಲ್ಲಿ ಅಧಿಕಾರಿಯಾಗಿದ್ದವನು. ದಂಗೆಯೆದ್ದು ಸೋತು ಕಂಪಿಲರಾಯನ ಮರೆಹೊಕ್ಕ. ರಾಯ ಅವನನ್ನು ಒಪ್ಪಿಸಲಿಲ್ಲ. 1333ರಲ್ಲಿ ಹಿಂದೂಸ್ಥಾನಕ್ಕೆ ಬಂದ ಇಬ್ನ್ ಬತೂತ ಇದನ್ನು ಬರೆದಿಟ್ಟಿದ್ದಾನೆ: ಕೋಟೆಯಲ್ಲಿ ದವಸ ತೀರಿದಾಗ ರಾಯ ಅತಿಥಿಯನ್ನು ಮೊದಲು ಬೇರೊಬ್ಬ ದೊರೆಯ ಬಳಿಗೆ ದಾಟಿಸಿದ, ಆಮೇಲೆ ಹೆಂಗಸರು ಬೆಂಕಿಗೆ ಹಾರಿದರು, ಅವನು ಹೊರಬಂದು ಕಾದಿ ಸತ್ತ. ನಮ್ಮ ನಂಜುಂಡ ಕವಿಯ ಸಾಂಗತ್ಯದಲ್ಲೂ ದಿಲ್ಲಿಗೆ ಬೇಡವಾದ ಬಹಾದ್ದೂರನಿಗೆ ರಾಮ ಆಶ್ರಯ ಕೊಡುತ್ತಾನೆ. ಕುಮಾರರಾಮನನ್ನು ಹೊಗಳುವವರು ಆ ಭಾಗವನ್ನೂ ಓದಬೇಕಲ್ಲವೇ?

ದಿಲ್ಲಿ ಹೇಗಿದ್ದರೂ ಬರುತ್ತಿತ್ತು, ಅತಿಥಿ ಬರೀ ನೆಪ ಎನ್ನುವವರಿದ್ದಾರೆ. 1323ರಲ್ಲಿ ವಾರಂಗಲ್ ಬಿದ್ದದ್ದನ್ನು ನೋಡಿದರೆ ಅದು ತಳ್ಳಿಹಾಕುವ ಮಾತಲ್ಲ. ಆದರೆ ಗುರ್ಷಾಸ್ಪ್ ಮುಂದೆ ಹೋಗಿ ಸೇರಿದ್ದು ಹೊಯ್ಸಳ ಮುಮ್ಮಡಿ ಬಲ್ಲಾಳನನ್ನು. ಬಲ್ಲಾಳ ಅವನನ್ನು ಹಿಡಿದು ಒಪ್ಪಿಸಿ ಆ ಹೊತ್ತಿಗೆ ತನ್ನ ರಾಜ್ಯ ಉಳಿಸಿಕೊಂಡ. ಸುಲ್ತಾನ ಸ್ವಂತ ನೆಂಟನ ಚರ್ಮ ಸುಲಿಸಿದ. ಒಪ್ಪಿಸಿದ್ದರೆ ಏನಾಗುತ್ತಿತ್ತೆಂದು ಕಂಪಿಲರಾಯನಿಗೂ ಗೊತ್ತಿದ್ದಿರಬೇಕು. ಇಲ್ಲಿ ಧರ್ಮ ಯಾವುದು, ಯಾರ ಕಡೆಗಿತ್ತು?

ಧರ್ಮಯುದ್ಧದ ದೀಕ್ಷೆ ತೊಟ್ಟವರು ಕಟ್ಟಿದ ಕೋಟೆಗಳು ಜಗತ್ತಿನಲ್ಲಿ ಇಲ್ಲದಿಲ್ಲ. ಪೋಲೆಂಡಿನ ಮಾಲ್‌ಬೋರ್ಕ್ ಅಂಥದ್ದು. ಟ್ಯೂಟನಿಕ್ ಎಂಬ ಕ್ರೈಸ್ತ ಯೋಧಸಂಘ 13ನೆಯ ಶತಮಾನದಲ್ಲಿ ಕಟ್ಟಲು ತೊಡಗಿದ್ದು. 1410ರಲ್ಲಿ ಆ ಸಂಘದ ಸೊಂಟ ಮುರಿದದ್ದೂ ಕ್ರೈಸ್ತ ಪೋಲೆಂಡಿನ ದೊರೆಯ ಸೇನೆಯೇ. ಅಂಥ ಕೋಟೆಯೊಂದು ನಮಗೂ ಇತ್ತೆಂದು ತೋರಿಸುವ ಆಸೆಗೆ ಹೊಸಮಲೆಯನ್ನು ಬಳಸುವುದು ಸುಳ್ಳು.

ಇನ್ನೊಂದು ಸಂಗತಿ. ಸೆರೆಸಿಕ್ಕ ಕಂಪಿಲರಾಯನ ಮಕ್ಕಳನ್ನು ದಿಲ್ಲಿಗೆ ಒಯ್ದರು, ಅವರು ಮುಸಲ್ಮಾನರಾದರು. ಸೆರೆಯಾಳಿಗೆ ಬೇರೆ ದಾರಿ ಎಲ್ಲಿತ್ತು? ಸುಲ್ತಾನ ಅವರನ್ನು ಅಮೀರರನ್ನಾಗಿ ಮಾಡಿದ. ಅವರಲ್ಲಿ ಅಬೂ ಮುಸ್ಲಿಂ ಎಂಬುವನು ತನ್ನ ಗೆಳೆಯನಾಗಿದ್ದನೆಂದು ಇಬ್ನ್ ಬತೂತ ಹೇಳುತ್ತಾನೆ. ರಾಮನ ಈ ಒಡಹುಟ್ಟಿದವನನ್ನು ನಮ್ಮ ಭಾಷಣಕಾರರು ಯಾವ ಸಾಲಿನಲ್ಲಿ ನಿಲ್ಲಿಸುತ್ತಾರೆ?