ಚಪ್ಪಾಳೆಗೆ ಬೆಳಗುವ ದೀಪ: ಕೊಂಡದ್ದೋ, ಕಟ್ಟಿದ್ದೋ?

ಚಪ್ಪಾಳೆ ತಟ್ಟಿದರೆ ಬೆಳಗುವ ದೀಪ ವಿಜ್ಞಾನ ಮೇಳಗಳಲ್ಲಿ ಈಗ ಹೊಸತೇನಲ್ಲ. ಎರಡು ಸಲ ತಟ್ಟಿದರೆ ಉರಿಯುತ್ತದೆ, ಮತ್ತೆರಡು ಸಲ ತಟ್ಟಿದರೆ ಆರುತ್ತದೆ. ನೋಡಿದವರು ಭೇಷ್ ಎನ್ನುತ್ತಾರೆ. ಆದರೆ ಅದರ ಹಿಂದೆ ನಿಂತ ವಿದ್ಯಾರ್ಥಿಯೊಡನೆ, "ಚಪ್ಪಾಳೆಯ ಬದಲು ಬಾಗಿಲು ಬಡಿದರೆ ಏನಾಗುತ್ತದೆ?" ಎಂದು ಕೇಳಿ ನೋಡಿರಿ. ಪೇಟೆಯಿಂದ ಸಿದ್ಧವಾಗಿ ತಂದ ಮಾದರಿಯಾದರೆ ಬಾಯಿಪಾಠ ಮಾಡಿದ ನಾಲ್ಕು ಇಂಗ್ಲಿಷ್ ವಾಕ್ಯಗಳಷ್ಟೇ ಹೊರಬರುತ್ತವೆ, ಉತ್ತರ ಬರುವುದಿಲ್ಲ. ಇಂತಹ ಉಪಕರಣವನ್ನು ಕೊಳ್ಳಬಾರದು, ಕಟ್ಟಬೇಕು. ಕಟ್ಟುವಾಗ ನಮ್ಮ ಭಾಷೆಯಲ್ಲೇ ಯೋಚಿಸಬೇಕು ಎಂಬುದು ವಿಜ್ಞಾನ ಸಂಘದ ನಮ್ಮೆಲ್ಲರ ಅಭಿಪ್ರಾಯ.

ಈ ವರ್ಷ ನಾವು ಅದನ್ನು ಕಟ್ಟಿದೆವು. ಬೇಕಾದ ಸಾಮಗ್ರಿ ಸ್ವಲ್ಪವೇ: ಒಂದು ಆರ್ಡುಯಿನೋ ಊನೋ ಬೋರ್ಡು, ಸದ್ದನ್ನು ವರ್ಧಿಸಿ ಕೊಡುವ ಒಂದು ಸಣ್ಣ ಮೈಕು, ಒಂದು ಎಲ್.ಇ.ಡಿ. ದೀಪ, 220 ಓಮಿನ ಒಂದು ರೆಸಿಸ್ಟರ್, ಕೆಲವು ತಂತಿಗಳು. ಆರ್ಡುಯಿನೋ 2005ರಲ್ಲಿ ಇಟಲಿಯ ಇವ್ರೆಯಾ ಎಂಬ ಊರಿನ ಒಂದು ವಿದ್ಯಾಸಂಸ್ಥೆಯಲ್ಲಿ ಹುಟ್ಟಿತು. ಎಂಜಿನಿಯರುಗಳಲ್ಲದ ವಿದ್ಯಾರ್ಥಿಗಳೂ ಸುಲಭವಾಗಿ ಬಳಸುವಂತಾಗಲಿ ಎಂಬುದೇ ಅದರ ಉದ್ದೇಶವಾಗಿತ್ತು. ಬೋರ್ಡಿನ ಮೇಲಿರುವ ಮೈಕ್ರೋಕಂಟ್ರೋಲರ್ ಎಂಬ ಚಿಪ್ಪು ಒಂದು ಪುಟ್ಟ ಗಣಕಯಂತ್ರವೇ ಸರಿ. ಮೈಕು ಕಳುಹಿಸುವ ವೋಲ್ಟೇಜನ್ನು ಅದು 0ಯಿಂದ 1023ರವರೆಗಿನ ಒಂದು ಸಂಖ್ಯೆಯಾಗಿ ಓದುತ್ತದೆ. ಸದ್ದಿಲ್ಲದಾಗ ನಮ್ಮ ಮೈಕಿನ ಸಂಖ್ಯೆ 512ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಚಪ್ಪಾಳೆ ತಟ್ಟಿದೊಡನೆ ಮೇಲೆ ಕೆಳಗೆ ಜಿಗಿಯುತ್ತದೆ. ಚಿಪ್ಪಿಗೆ ತಿಳಿಯುವುದು ಇಷ್ಟೇ.

ಚಪ್ಪಾಳೆ ಯಾವುದು, ಬಾಗಿಲಿನ ಬಡಿತ ಯಾವುದು, ಪಕ್ಕದ ಕೋಣೆಯ ಯಕ್ಷಗಾನ ತರಬೇತಿಯ ಚೆಂಡೆ ಯಾವುದು ಎಂಬ ವಿವೇಕ ಅದಕ್ಕಿಲ್ಲ. ಕಲಿಸಬೇಕಾದವರು ನಾವು. ಹಾಗಾಗಿ ನಾವು ಮೊದಲು ಮುಟ್ಟಿದ್ದು ಕಂಪ್ಯೂಟರನ್ನಲ್ಲ, ಕರಿಹಲಗೆಯನ್ನು. ಸಂಖ್ಯೆ ನಡುವಿನಿಂದ ಇಂತಿಷ್ಟು ದೂರ ಜಿಗಿದರೆ ಅದು ಒಂದು ಪೆಟ್ಟು. ಆಮೇಲಿನ 150 ಮಿಲಿಸೆಕೆಂಡು ಕಿವಿ ಮುಚ್ಚಿಕೊಳ್ಳಬೇಕು; ಇಲ್ಲವಾದರೆ ಗೋಡೆಯ ಪ್ರತಿಧ್ವನಿಯೇ ಎರಡನೆಯ ಪೆಟ್ಟಾಗಿ ಲೆಕ್ಕಕ್ಕೆ ಬರುತ್ತದೆ. ಎರಡನೆಯ ಪೆಟ್ಟು 600 ಮಿಲಿಸೆಕೆಂಡಿನೊಳಗೆ ಬರಬೇಕು. ಬಂದ ಮೇಲೆ ಒಂದು ಸೆಕೆಂಡು ಮೌನವಿರಬೇಕು. ಒಂಟಿಯಾಗಿ ಬಡಿಯುವ ಬಾಗಿಲಿಗೆ ಎರಡನೆಯ ಪೆಟ್ಟಿಲ್ಲ. ಬಿಡದೆ ನುಡಿಯುವ ಚೆಂಡೆಗೆ ಕೊನೆಯ ಮೌನವಿಲ್ಲ. ಎರಡೂ ಸೋಸಿಹೋಗುತ್ತವೆ. ಇನ್ನು ಹಂಚಿನ ಮಾಡಿಗೆ ಮಳೆ ಸುರಿಯುವಾಗ ಏನು ಮಾಡುವುದು? ಕಳೆದ ಕೆಲವು ಸೆಕೆಂಡುಗಳ ಸರಾಸರಿ ಸದ್ದನ್ನು ಅಳೆದು, ಅದಕ್ಕಿಂತ ಸಾಕಷ್ಟು ಮೇಲೇರಿದ್ದನ್ನು ಮಾತ್ರ ಪೆಟ್ಟು ಎನ್ನಬೇಕು. ಈ ಸಲಹೆ ಬಂದದ್ದು ಎಂಟನೇ ತರಗತಿಯ ಒಬ್ಬ ವಿದ್ಯಾರ್ಥಿನಿಯಿಂದ.

ಈ ಚರ್ಚೆಯೆಲ್ಲ ನಡೆದದ್ದು ಕನ್ನಡದಲ್ಲಿ, ನಡುನಡುವೆ ಮನೆಯ ಮಾತಾದ ತುಳುವಿನಲ್ಲಿ. ಪ್ರೋಗ್ರಾಮ್ ಬರೆಯಲು ಬೇಕಾದ ಇಂಗ್ಲಿಷ್ ಪದಗಳು ಬೆರಳೆಣಿಕೆಯವು; ಅವನ್ನು ಒಂದು ಮಧ್ಯಾಹ್ನದಲ್ಲಿ ಕಲಿಯಬಹುದು. 'ಹೀಗಾದರೆ ಹೀಗೆ, ಇಲ್ಲದಿದ್ದರೆ ಹಾಗೆ' ಎಂಬ ತರ್ಕವನ್ನು ಮಾತ್ರ ಒಂದು ಮಧ್ಯಾಹ್ನದಲ್ಲಿ ಕಲಿಯಲಾಗದು. ಅದು ನಾವು ಯೋಚಿಸುವ ಭಾಷೆಯಲ್ಲೇ ಬೆಳೆಯಬೇಕು. ಇಂಗ್ಲಿಷ್ ಬೇಡವೆಂದು ನಾವು ಹೇಳುವುದಿಲ್ಲ. ಬಿಡಿಭಾಗಗಳ ವಿವರ ಪತ್ರಗಳು ಅದರಲ್ಲೇ ಇವೆ, ಮುಂದಿನ ಓದೂ ಅದರಲ್ಲೇ ಇರಬಹುದು. ಆದರೆ ಅರ್ಥವಾದ ವಿಷಯಕ್ಕೆ ಇಂಗ್ಲಿಷ್ ಪದ ಹುಡುಕುವುದು ಸುಲಭ. ಪದ ಮಾತ್ರ ಗೊತ್ತಿದ್ದು ವಿಷಯ ಹುಡುಕುವುದು ಕಷ್ಟ.

ಹೆತ್ತವರಲ್ಲಿ ನಮ್ಮ ಬಿನ್ನಹ ಇಲ್ಲಿಯೇ ಇದೆ. 'ಕನ್ನಡ ಮಾಧ್ಯಮದ ಮಕ್ಕಳಿಗೆ ಕಂಪ್ಯೂಟರ್ ಎಟುಕದು' ಎಂಬ ಮಾತು ನಮ್ಮ ಕಿವಿಗೂ ಬೀಳುತ್ತದೆ. ಆ ಅಂಜಿಕೆಯಿಂದಲೇ ನಮ್ಮ ತಮ್ಮಂದಿರನ್ನೂ ತಂಗಿಯರನ್ನೂ ಬೇರೆ ಮಾಧ್ಯಮಕ್ಕೆ ಸೇರಿಸುವವರಿದ್ದಾರೆ. ಗಡಿನಾಡಿನ ಶಾಲೆಯಲ್ಲಿ ಇಂದು ಒಂದನೇ ತರಗತಿಯ ಬೆಂಚು ಬರಿದಾದರೆ, ಒಂಬತ್ತು ವರ್ಷದ ಬಳಿಕ ಹತ್ತನೆಯದೂ ಬರಿದಾಗುತ್ತದೆ. ದಯವಿಟ್ಟು ಒಮ್ಮೆ ಬಂದು ನಮ್ಮೊಡನೆ ಪ್ರಶ್ನೆ ಕೇಳಿರಿ. ನಮ್ಮ ಉತ್ತರ ಕೇಳಿದ ಮೇಲೆ ತೀರ್ಮಾನಿಸಿರಿ.

ಕೇರಳದ ಹೈಸ್ಕೂಲುಗಳಲ್ಲಿ 2018ರಿಂದ ಲಿಟ್ಲ್ ಕೈಟ್ಸ್ ಘಟಕಗಳಿವೆ. ಆರ್ಡುಯಿನೋ ಇರುವ ಕಿಟ್ಟುಗಳು 2022ರ ಕೊನೆಯಿಂದ ಅನೇಕ ಶಾಲೆಗಳಿಗೆ ಬಂದಿವೆ. ಅವು ಬೀರುವಿನಲ್ಲಿ ಭದ್ರವಾಗಿರುವುದಕ್ಕಿಂತ ಮೇಜಿನ ಮೇಲೆ ಸವೆಯುವುದು ಲೇಸು. ವಾರಕ್ಕೊಂದು ಸಂಜೆ ಆ ಮೇಜು ಎಲ್ಲ ವಿದ್ಯಾರ್ಥಿಗಳಿಗೂ ತೆರೆದಿರಲಿ. ಮೇಳದ ತೀರ್ಪುಗಾರರು ಮಾದರಿಯ ಹೊಳಪನ್ನು ನೋಡದೆ, "ಈ ಸಂಖ್ಯೆಯನ್ನು ಬದಲಿಸಿದರೆ ಏನಾಗುತ್ತದೆ?" ಎಂದು ಕೇಳಲಿ. ಮನೆಯಲ್ಲಿ ಕೆಟ್ಟು ಮೂಲೆ ಸೇರಿದ ರೇಡಿಯೋವನ್ನು, ಪ್ಲಗ್ ಕಿತ್ತ ಮೇಲೆ, ಹಿರಿಯರ ಎದುರಿನಲ್ಲಿ ಬಿಚ್ಚಿ ನೋಡಲು ಮಕ್ಕಳಿಗೆ ಅಪ್ಪಣೆ ಕೊಡಿರಿ.

ಕಿರಿಯ ಗೆಳೆಯರಿಗೆ ಒಂದು ಎಚ್ಚರಿಕೆ. ನಮ್ಮ ದೀಪ 5 ವೋಲ್ಟಿನದು. ಗೋಡೆಯ 230 ವೋಲ್ಟಿನ ವಿದ್ಯುತ್ತು ಪ್ರಾಣಕ್ಕೆ ಎರವಾದೀತು. ಅದರ ಗೊಡವೆಗೆ ಹೋಗಬೇಡಿರಿ. ಕಲಿಯಲು ಆ ಪುಟ್ಟ ಎಲ್.ಇ.ಡಿ. ದೀಪವೇ ಸಾಕು. ಮುಂದಿನ ವರ್ಷ ಅದಕ್ಕಿಂತ ಒಳ್ಳೆಯ ನಿಯಮವನ್ನು ಬರೆದು, ನಮ್ಮ ದೀಪವನ್ನು ನೀವು ಹಿಂದಿಕ್ಕಬೇಕೆಂಬುದೇ ನಮ್ಮ ಹಾರೈಕೆ.