ಗೂಗಲ್ ಪಾವಗಡಕ್ಕೆ ಬಂದಿರಲಿಲ್ಲ



ತಿರುಮಣಿ ಸೋಲಾರ್ ಪಾರ್ಕ್ ಬಗ್ಗೆ ನಮ್ಮ ಹುಡುಗರು ಎಂ.ಎ. ಪ್ರಬಂಧ ಬರೀತಿದಾರೆ. ಖುಷಿ. ಆದರೆ ಫೋಟೊ ಕೆಳಗೆ 'ಕೃಪೆ: ಗೂಗಲ್' ಅಂತಿರುತ್ತೆ. ಗೂಗಲ್ ಪಾವಗಡಕ್ಕೆ ಬಂದು ಫೋಟೊ ತೆಗೀಲಿಲ್ಲ ಕಣ್ರಪ್ಪಾ. ತೆಗೆದವರು ಯಾರು, ಯಾವ ಊರು, ಯಾವ ವರ್ಷ, ಎಲ್ಲಿ ಅಚ್ಚಾಗಿತ್ತು, ಅದು ಬೇಕು. 2,050 ಮೆಗಾವ್ಯಾಟ್, ಸುಮಾರು 13,000 ಎಕರೆ, ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಗುತ್ತಿಗೆ ಇತ್ತು ಅಂತ ಬರೆದರೆ ಅದಕ್ಕೂ ವರದಿಯ ಹೆಸರು, ಪುಟ ಕೊಡಿ. ಬಾಬಾಸಾಹೇಬರ ಮಾತಿಗೂ ಅಷ್ಟೇ, ಸಂಪುಟ, ಪುಟ ಬೇಕು. ವಾಟ್ಸಾಪ್ ಪೋಸ್ಟರ್ ಆಕರ ಅಲ್ಲ. 'ಜಾತಿ ವಿನಾಶ' 1936ರದ್ದು, ಗಾಂಧಿಗೆ ಕೊಟ್ಟ ಉತ್ತರ ಸೇರಿದ್ದು 1937ರ ಮುದ್ರಣದಲ್ಲಿ. ಯಾವ ಮುದ್ರಣ ಅಂತ ಹೇಳದಿದ್ರೆ ಹೇಗೆ?

ನನಗೆ ಹೆಚ್ಚು ಚುಚ್ಚೋದು ಇನ್ನೊಂದು. ಅಧಿಕಾರಿ ಮಾತಾಡಿದರೆ ಹೆಸರು, ಹುದ್ದೆ, ದಿನಾಂಕ ಎಲ್ಲ ಅಡಿಟಿಪ್ಪಣಿಯಲ್ಲಿ. ಗುತ್ತಿಗೆ ದುಡ್ಡು ಭೂಮಿ ಇದ್ದೋರಿಗೆ ಬಂತು, ಆ ಹೊಲಗಳಲ್ಲಿ ದುಡೀತಿದ್ದ ನಮ್ಮ ಕೇರಿಯವರಿಗೆ ಕೂಲಿ ಹೋಯ್ತು. ಇದನ್ನ ಹೇಳಿದ ಅಜ್ಜಿ ಮಾತ್ರ 'ಸ್ಥಳೀಯರ ಪ್ರಕಾರ'! ಅವರ ಫೋಟೊ ಕೆಳಗೆ 'ಕೂಲಿ ಮಹಿಳೆ'. ಅಡಿಟಿಪ್ಪಣಿಯಲ್ಲೂ ಊರು-ಕೇರಿ ಬೇರೆನಾ?

ಅವರನ್ನೇ ಕೇಳಿ. ಒಪ್ಪಿದರೆ ಹೆಸರು, ಊರು, ಮಾತಾಡಿದ ತಾರೀಕು ಹಾಕಿ. ಹೆಸರು ಬಂದ್ರೆ ತೊಂದ್ರೆ ಅಂದ್ರೆ 'ಕೋರಿಕೆ ಮೇರೆಗೆ ಹೆಸರು ಬಿಟ್ಟಿದೆ' ಅಂತ ಬರೀರಿ, ತಾರೀಕು ಬಿಡಬೇಡಿ. ಗುಮಾಸ್ತನಾಗಿ ಹೇಳ್ತೀನಿ, ನಾಳೆ ಭೂಮಿ ಇಲ್ಲದೋರ ಪರವಾಗಿ ಈ ಪ್ರಬಂಧ ಹಿಡಿದು ಕಚೇರಿಗೆ ಹೋದ್ರೆ ಮೊದಲ ಪ್ರಶ್ನೆ, 'ಯಾರು ಹೇಳಿದ್ದು, ಯಾವಾಗ?'

ಸಲ್ಲಿಸೋಕೆ ಮುಂಚೆ ಒಂದ್ಸಲ ತೋರಿಸಿ. ಭಾನುವಾರ ನಾನೇ ಕೇರಿಗೆ ಕರ್ಕೊಂಡು ಹೋಗ್ತೀನಿ.